ದಿಮ್ಮಿ ಕೂರಿಸುವುದು, ತಿರುಗಿಸುವುದು, ಬ್ಲೇಡಿಗೆ ನೂಕುವುದು: ಸಾಮಿಲ್ ನಡೆಸುವವರಿಗೆ

ಹಲಗೆಯ ಒಂದು ಕೊನೆ 25 ಮಿ.ಮೀ., ಇನ್ನೊಂದು ಕೊನೆ 28 ಮಿ.ಮೀ. ಬಂತು ಅಂದ್ರೆ ಎಲ್ಲರ ಕಣ್ಣು ಮೊದಲು ಹೋಗುವುದು ಬ್ಲೇಡಿನ ಮೇಲೆ. ಬಿಚ್ಚುತ್ತಾರೆ, ಸಾಣೆ ಹಿಡಿಯುತ್ತಾರೆ, ಟೆನ್ಷನ್ ಏರಿಸುತ್ತಾರೆ, ಗೈಡ್ ಬದಲಿಸುತ್ತಾರೆ. ಮತ್ತೆ ಅದೇ ಹಲಗೆ. ಯಾಕಂದ್ರೆ ಬ್ಲೇಡು ತನ್ನ ಜಾಗದಲ್ಲಿ ನೆಟ್ಟಗೇ ಓಡುತ್ತಿದೆ, ಅದರ ಮುಂದೆ ದಿಮ್ಮಿಯನ್ನು ಹಿಡಿದು ತರುವ ಸಾಮಾನು ಓರೆಯಾಗಿದೆ. ದಿಮ್ಮಿ ಹೇಗೆ ಕೂತಿದೆ, ಎಷ್ಟು ಗಟ್ಟಿಯಾಗಿ ಸಿಕ್ಕಿಕೊಂಡಿದೆ, ಯಾವ ವೇಗದಲ್ಲಿ ಬರುತ್ತಿದೆ ಅನ್ನುವುದನ್ನು ಮೊದಲು ಸರಿಮಾಡಿ, ಬ್ಲೇಡಿನ ವಿಚಾರ ಆಮೇಲೆ.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಬ್ಯಾಂಡ್ ಸಾ (ಎರಡು ಚಕ್ರಗಳ ಮೇಲೆ ಪಟ್ಟಿಯ ಹಾಗೆ ಓಡುವ ಬ್ಲೇಡು) ಮತ್ತು ಟ್ರಾಲಿ (ದಿಮ್ಮಿಯನ್ನು ಹಳಿಯ ಮೇಲೆ ಬ್ಲೇಡಿಗೆ ಒಯ್ಯುವ ಬಂಡಿ) ಇರುವ ಮಿಲ್ಲಿನ ಬಗ್ಗೆ. ಸಣ್ಣ ದಿಮ್ಮಿಗಳನ್ನು ಸಾಲಾಗಿ ಚೈನಿನ ಮೇಲೆ ಓಡಿಸುವ ಲೈನುಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ.

ಮೊದಲು ತೂಕದ ಲೆಕ್ಕ

ಯಾವ ಸಾಮಾನು ತರುವುದಕ್ಕೂ ಮೊದಲು ಎರಡು ದಿಮ್ಮಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ನಿಮ್ಮ ಮಿಲ್ಲಿಗೆ ಬರುವ ಅತಿ ದಪ್ಪದ್ದು, ಮತ್ತೆ ಅತಿ ಗಿಡ್ಡದ್ದು. ಸರಾಸರಿ ದಿಮ್ಮಿ ಇಲ್ಲಿ ಏನೂ ಹೇಳುವುದಿಲ್ಲ. 60 ಸೆಂ.ಮೀ. ಅಡ್ಡಳತೆಯ, 4 ಮೀಟರ್ ಉದ್ದದ ದಿಮ್ಮಿ ಅಂದ್ರೆ 0.3 × 0.3 × 3.14 × 4, ಸುಮಾರು 1.13 ಘನ ಮೀಟರ್. ಹಸಿ ಮರ ಬಹಳಷ್ಟು ಜಾತಿಗಳಲ್ಲಿ ಘನ ಮೀಟರಿಗೆ 900ರಿಂದ 1,100 ಕೆ.ಜಿ. ತೂಗುತ್ತದೆ. ಅಂದರೆ ಈ ಒಂದೇ ದಿಮ್ಮಿ 1 ಟನ್ನಿಂದ 1.25 ಟನ್ ಭಾರ. ಅದು ಒಂದು ಗೇಣು ಎತ್ತರದಿಂದ ಟ್ರಾಲಿ ಮೇಲೆ ಬಿದ್ದರೂ ಸಾಕು, ನೀವು ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸಿದ್ದೆಲ್ಲ ಹೋಯಿತು.

ಡೆಕ್: ಒಂದೊಂದೇ ದಿಮ್ಮಿ ಬರಬೇಕು

ದಿಮ್ಮಿಗಳು ಟ್ರಾಲಿಗೆ ಹೋಗುವ ಮುಂಚೆ ಸಾಲಾಗಿ ಕಾಯುವ ಜಾಗವೇ ಡೆಕ್. ಸಣ್ಣ ಮಿಲ್ಲುಗಳಲ್ಲಿ ಇಳಿಜಾರಾಗಿ ಹಾಕಿದ ಎರಡು ಮೂರು ಕಬ್ಬಿಣದ ಹಳಿ ಇರುತ್ತದೆ, ದಿಮ್ಮಿ ತಾನೇ ಉರುಳಿಕೊಂಡು ಬರುತ್ತದೆ. ಖರ್ಚು ಕಡಿಮೆ, ಕೆಡುವುದೂ ಕಡಿಮೆ. ಆದರೆ ನೆಟ್ಟಗಿರುವ ದಿಮ್ಮಿ ಓಡಿ ಬರುತ್ತದೆ, ಸೊಟ್ಟ ದಿಮ್ಮಿ ಅಲ್ಲೇ ಕೂರುತ್ತದೆ, ಅದನ್ನು ಎಬ್ಬಿಸಲು ಯಾರೋ ಒಬ್ಬರು ಹಾರೆ ಹಿಡಿದು ಇಳಿಜಾರಿನ ಕೆಳಗೆ ಹೋಗಿ ನಿಲ್ಲುತ್ತಾರೆ. ಈ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವ ಜಾಗಗಳಲ್ಲಿ ಇದೂ ಒಂದು. ದಿಮ್ಮಿಯನ್ನು ಯಾವಾಗಲೂ ಅದರ ಕೊನೆಯ ಬದಿಯಿಂದ, ಉದ್ದ ಹಿಡಿಯ ಕೊಕ್ಕೆ ಹಾರೆಯಿಂದ ಎಬ್ಬಿಸಬೇಕು. ಅದು ಉರುಳುವ ದಾರಿಯಲ್ಲಿ ಯಾರೂ ಇರಬಾರದು, ಒಂದು ನಿಮಿಷಕ್ಕೂ.

ಅನುಕೂಲ ಇದ್ದರೆ ಚೈನ್ ಡೆಕ್ ಹಾಕಿಸಿ. ಮಟ್ಟವಾದ ಚೌಕಟ್ಟು, ಅದರ ಮೇಲೆ ಓಡುವ ಚೈನಿನ ಸಾಲುಗಳು, ಗುಂಡಿ ಒತ್ತಿದಾಗ ಮಾತ್ರ ದಿಮ್ಮಿ ಮುಂದೆ ಬರುತ್ತದೆ. ಇಲ್ಲಿ ಒಂದು ಸುಲಭ ಲೆಕ್ಕ ಇದೆ, ಬಹಳ ಜನ ಮರೆಯುತ್ತಾರೆ. ಚೈನಿನ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇರುವ ಅಂತರ, ನಿಮ್ಮ ಅತಿ ಗಿಡ್ಡ ದಿಮ್ಮಿಯ ಅರ್ಧ ಉದ್ದಕ್ಕಿಂತ ಜಾಸ್ತಿ ಇರಬಾರದು. 2.4 ಮೀಟರ್ ದಿಮ್ಮಿ ಬರುತ್ತದೆ ಅಂದರೆ ಸಾಲುಗಳು 1.2 ಮೀಟರ್‌ಗೆ ಒಂದರಂತೆ ಇರಬೇಕು. ಹೀಗಿದ್ದರೆ ದಿಮ್ಮಿಯನ್ನು ಎಲ್ಲಿ ಇಳಿಸಿದರೂ ಅದು ಎರಡು ಸಾಲಿನ ಮೇಲೆ ಕೂತೇ ಕೂರುತ್ತದೆ, ಅದರ ಭಾರದ ನಡುವೂ ಆ ಎರಡರ ಮಧ್ಯೆಯೇ ಬೀಳುತ್ತದೆ. ಒಂದೇ ಸಾಲಿನ ಮೇಲೆ ಕೂತ ದಿಮ್ಮಿ ಗಿರ್ರನೆ ತಿರುಗಿ ಅಡ್ಡ ಬೀಳುತ್ತದೆ.

ಚೈನುಗಳೆಲ್ಲ ಒಂದೇ ಶಾಫ್ಟಿನಿಂದ ಓಡಬೇಕು, ಸ್ಪ್ರಾಕೆಟ್ ಹಲ್ಲುಗಳೆಲ್ಲ ಒಂದೇ ನೇರದಲ್ಲಿ ಇರಬೇಕು. ಒಂದು ಚೈನು ಹಳೆಯದಾಗಿ ಎಳೆದುಕೊಂಡಿದ್ದರೆ ಆ ಬದಿ ದಿಮ್ಮಿ ಹಿಂದೆ ಬೀಳುತ್ತದೆ, ಓರೆಯಾಗಿಯೇ ಟ್ರಾಲಿಗೆ ಬರುತ್ತದೆ. ಹಾಗಾಗಿ ಬದಲಿಸುವಾಗ ಎಲ್ಲ ಸಾಲುಗಳನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಹೊಸದು ಹಾಕಿದರೆ ಉಳಿತಾಯ ಏನೂ ಇಲ್ಲ.

ಡೆಕ್ಕಿನ ಕೊನೆಗೆ ತಡೆ ಬೇಕು. ಒಳ್ಳೆಯ ತಡೆ ಅಂದರೆ ಎರಡು ಕೆಲಸವನ್ನು ಒಟ್ಟಿಗೆ ಮಾಡುವಂಥದ್ದು: ಮುಂದಿನ ಒಂದು ದಿಮ್ಮಿಯನ್ನು ತೋಳಿನಲ್ಲಿ ಎತ್ತಿ ಟ್ರಾಲಿಗೆ ಇಳಿಸುವುದು, ಅದೇ ಹೊತ್ತಿಗೆ ಹಿಂದಿನ ದಿಮ್ಮಿಯನ್ನು ತಡೆದು ನಿಲ್ಲಿಸುವುದು. ದಪ್ಪ ಸಣ್ಣ ದಿಮ್ಮಿಗಳು ಬೆರೆತು ಬರುವ ಮಿಲ್ಲಿಗೆ ಮೆಟ್ಟಿಲು ಫೀಡರ್ ಚೆನ್ನ. ಅದರ ಮೆಟ್ಟಿಲುಗಳು ಮೇಲೆ ಕೆಳಗೆ ಆಡುತ್ತಾ ಒಂದೊಂದೇ ದಿಮ್ಮಿಯನ್ನು ಮೇಲಕ್ಕೆ ದಾಟಿಸುತ್ತವೆ, ಮೆಟ್ಟಿಲಿನ ಅಗಲಕ್ಕೆ ಸರಿಯಾಗಿ ಕೂರದ ಎರಡನೆಯ ದಿಮ್ಮಿ ಹಿಂದಕ್ಕೆ ಉರುಳಿಬಿಡುತ್ತದೆ.

ಡೆಕ್ಕಿಗೆ ಏರಿಸುವ ಮುಂಚೆಯೇ ಮಣ್ಣು, ಕಲ್ಲು ತೆಗೆದುಬಿಡಿ. ತೊಗಟೆ ತೆಗೆಯುವ ಮಿಷನ್ ಇದ್ದರೆ ಸರಿ, ಇಲ್ಲದಿದ್ದರೆ ನೀರು ಹೊಡೆದು ತೊಳೆದರೂ ಬ್ಲೇಡಿನ ಹಲ್ಲು ಉಳಿಯುತ್ತದೆ. ಮೊಳೆ, ತಂತಿಗೆ ಮೆಟಲ್ ಡಿಟೆಕ್ಟರ್ ಬೇಕೇ ಬೇಕು. ಆದರೂ ದಿಮ್ಮಿಯ ಎರಡೂ ಕೊನೆಗಳನ್ನು ಕಣ್ಣಿಂದ ನೋಡುವುದನ್ನು ಬಿಡಬೇಡಿ. ಕೊಯ್ದ ಮುಖದ ಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿ ಕಪ್ಪು ಗೆರೆ ಕಂಡರೆ ಒಳಗೆ ಕಬ್ಬಿಣ ಇರುವ ಸಾಧ್ಯತೆ ಜಾಸ್ತಿ, ಮರದ ಒಗರಿಗೆ ಕಬ್ಬಿಣ ಸೇರಿದರೆ ಬರುವ ಬಣ್ಣ ಅದು. ಅಂಥ ದಿಮ್ಮಿಯನ್ನು ಪಕ್ಕಕ್ಕೆ ಇಡಿ, ಕೈ ಡಿಟೆಕ್ಟರ್ ಆಡಿಸಿ ನೋಡಿದ ಮೇಲೆ ತನ್ನಿ.

ಟ್ರಾಲಿ ಮತ್ತು ಹಳಿ

ಟ್ರಾಲಿಗೆ ಎರಡು ಹಳಿ. ಒಂದು ವಿ ಆಕಾರದ್ದು, ಅದು ದಾರಿ ತೋರಿಸುತ್ತದೆ. ಇನ್ನೊಂದು ಚಪ್ಪಟೆ, ಅದು ಭಾರ ಹೊರುತ್ತದೆ ಅಷ್ಟೆ. ಹಲಗೆ ನೇರ ಬರಬೇಕಾದರೆ ವಿ ಹಳಿ ನೇರ ಇರಬೇಕು. ಪರೀಕ್ಷೆ ಮಾಡಲು ಹಳಿಯ ಪಕ್ಕದಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತೆಳು ಉಕ್ಕಿನ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿ, ಪ್ರತಿ ಮೀಟರಿಗೆ ತಂತಿಯಿಂದ ಹಳಿಗೆ ಎಷ್ಟು ದೂರ ಇದೆ ಅಂತ ಅಳೆಯಿರಿ. ವ್ಯತ್ಯಾಸ ಅರ್ಧ ಮಿ.ಮೀ. ದಾಟದಂತೆ ಬೋಲ್ಟ್ ಸರಿಸಿ ಬಿಗಿ ಮಾಡಿ. ಎರಡು ಹಳಿಗಳ ಎತ್ತರವನ್ನು ರಸಮಟ್ಟದಿಂದ ಪ್ರತ್ಯೇಕವಾಗಿ ನೋಡಬೇಕು, ತಂತಿ ಅದನ್ನು ಹೇಳುವುದಿಲ್ಲ.

ಚಪ್ಪಟೆ ಹಳಿ ಸುಮ್ನೆ ಭಾರ ಹೊರುತ್ತದೆ ಅಂತ ಅದನ್ನು ಕಡೆಗಣಿಸಬೇಡಿ. ಹಳಿಗಳ ನಡುವೆ 1 ಮೀಟರ್ ಇದೆ ಅಂದುಕೊಳ್ಳಿ. ಚಪ್ಪಟೆ ಹಳಿಯ ಮೇಲೆ 2 ಮಿ.ಮೀ. ದಪ್ಪದ ತೊಗಟೆ ಚೂರು ಬಿದ್ದು ಚಕ್ರ ಅದರ ಮೇಲೆ ಹತ್ತಿತು ಅಂದರೆ, ಹಳಿಯಿಂದ ಅರ್ಧ ಮೀಟರ್ ಮೇಲೆ ಕೂತಿರುವ ದಿಮ್ಮಿ ಬ್ಲೇಡಿನ ದಿಕ್ಕಿನಲ್ಲಿ 1 ಮಿ.ಮೀ. ಆಡುತ್ತದೆ. ಹಲಗೆಯ ನಡುವೆ ಎಲ್ಲೋ ಒಂದು ಕಡೆ ಮಾತ್ರ ಉಬ್ಬು ಬರುವುದಕ್ಕೆ ಕಾರಣ ಬಹಳ ಸಲ ಇದೇ ಇರುತ್ತದೆ. ಪ್ರತಿ ಚಕ್ರದ ಮುಂದೆ ಹಿಂದೆ ಹಳಿಗೆ ಉಜ್ಜುವ ಹಾಗೆ ಒಂದೊಂದು ತಗಡಿನ ಪಟ್ಟಿ ಕಟ್ಟಿ, ಹೊಟ್ಟು ತಾನೇ ಪಕ್ಕಕ್ಕೆ ಹೋಗುತ್ತದೆ.

ಈಗ ಕಂಬಗಳ ವಿಚಾರ. ಟ್ರಾಲಿಯ ಮೇಲೆ ದಿಮ್ಮಿ ಒರಗಿ ನಿಲ್ಲುವುದಕ್ಕೆ ಎರಡೋ ಮೂರೋ ನೆಟ್ಟ ಕಂಬ ಇರುತ್ತವೆ, ಹೆಡ್ ಬ್ಲಾಕಿನ (ಟ್ರಾಲಿಗೆ ಅಡ್ಡವಾಗಿ ಕೂರಿಸಿದ, ದಿಮ್ಮಿಯನ್ನು ಹೊರುವ ಅಡಿಪೀಠ) ಮೇಲೆ ಮುಂದೆ ಹಿಂದೆ ಜರುಗುವಂಥವು. ಈ ಕಂಬಗಳ ಮುಖ ಬ್ಲೇಡಿಗೆ ಒಂದೇ ದೂರದಲ್ಲಿ ಇಲ್ಲದಿದ್ದರೆ ಶುರುವಿನಲ್ಲಿ ಹೇಳಿದ ಓರೆ ಹಲಗೆ ಬರುತ್ತದೆ. ಅಳೆಯುವ ಕ್ರಮ ಹೀಗೆ: ಕರೆಂಟ್ ತೆಗೆದು ಬೀಗ ಹಾಕಿ. ಬ್ಲೇಡಿನ ಒಂದೇ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಮಾಡಿ. ಟ್ರಾಲಿಯನ್ನು ಕೈಯಿಂದ ತಳ್ಳಿ ಮೊದಲ ಕಂಬವನ್ನು ಆ ಹಲ್ಲಿನ ಎದುರಿಗೆ ತನ್ನಿ, ಹಲ್ಲಿನ ತುದಿಯಿಂದ ಕಂಬದ ಮುಖಕ್ಕೆ ಅಳೆಯಿರಿ. ಮತ್ತೆ ತಳ್ಳಿ ಎರಡನೆಯ ಕಂಬ, ಮೂರನೆಯ ಕಂಬ. ಪ್ರತಿ ಸಲವೂ ಅದೇ ಹಲ್ಲಿನಿಂದಲೇ ಅಳೆಯುವುದು ಮುಖ್ಯ, ಯಾಕಂದ್ರೆ ಹಲ್ಲಿನಿಂದ ಹಲ್ಲಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಕಂಬದ ಬುಡದಲ್ಲಿ ಒಮ್ಮೆ, ತಲೆಯಲ್ಲಿ ಒಮ್ಮೆ ಅಳೆದರೆ ಕಂಬ ಬಾಗಿದೆಯೋ ಅನ್ನುವುದೂ ಗೊತ್ತಾಗುತ್ತದೆ.

ಸೈಜು ಕೊಡುವ, ಅಂದರೆ ಹಲಗೆಯ ದಪ್ಪಕ್ಕೆ ತಕ್ಕಷ್ಟು ಕಂಬಗಳನ್ನು ಮುಂದೆ ನೂಕುವ ಸ್ಕ್ರೂ ಅಥವಾ ಗೇರಿನಲ್ಲಿ ಸ್ವಲ್ಪ ಪ್ಲೇ (ಸಡಿಲ) ಇದ್ದೇ ಇರುತ್ತದೆ. ಅದಕ್ಕೆ ಉಪಾಯ ಸುಲಭ. ಯಾವಾಗಲೂ ಮುಂದಕ್ಕೆ ನೂಕುತ್ತಾ ಬಂದು ಸೈಜಿಗೆ ನಿಲ್ಲಿಸಿ. ಅಕಸ್ಮಾತ್ 2 ಮಿ.ಮೀ. ದಾಟಿ ಹೋದರೆ, ಬರೀ ಅಷ್ಟೇ ಹಿಂದೆ ತಂದು ನಿಲ್ಲಿಸಬೇಡಿ. ಪೂರ್ತಿ 10 ಮಿ.ಮೀ. ಹಿಂದೆ ತೆಗೆದುಕೊಂಡು ಹೋಗಿ ಮತ್ತೆ ಮುಂದಕ್ಕೆ ಬನ್ನಿ.

ದಿಮ್ಮಿಯನ್ನು ಇಳಿಸುವುದು, ತಿರುಗಿಸುವುದು

ಕಂಬಗಳ ಸಾಲು ತಪ್ಪುವುದು ಹೆಚ್ಚಾಗಿ ಇಳಿಸುವಾಗ. ತೋಳನ್ನು ಆಡಿಸುವ ಹೈಡ್ರಾಲಿಕ್ ಸಿಲಿಂಡರ್ ಎಷ್ಟು ಬಲದ್ದು ಅಂತ ಒಮ್ಮೆ ಲೆಕ್ಕ ಹಾಕಿ: 80 ಮಿ.ಮೀ. ಬೋರ್, 140 ಬಾರ್ ಪ್ರೆಷರ್ ಇದ್ದರೆ ಸುಮಾರು 7 ಟನ್ ಒತ್ತುತ್ತದೆ. ಒಂದು ಟನ್ ದಿಮ್ಮಿ ಅದಕ್ಕೆ ಆಟದ ಸಾಮಾನು. ಫ್ಲೋ ಕಂಟ್ರೋಲ್ ವಾಲ್ವ್ ಹಾಕಿಸಿ ತೋಳು ನಿಧಾನಕ್ಕೆ ಇಳಿಯುವ ಹಾಗೆ ಮಾಡಿ. ಹೋಸ್ ಒಡೆದರೂ ತೋಳು ಬೀಳದ ಹಾಗೆ ಸಿಲಿಂಡರಿನ ಮೇಲೆಯೇ ಲಾಕ್ ವಾಲ್ವ್ ಇರಬೇಕು, ಇದರಲ್ಲಿ ಜಿಪುಣತನ ಬೇಡ. ಇಳಿಸುವ ಮುಂಚೆ ಟ್ರಾಲಿ ತೋಳುಗಳ ಎದುರಿಗೆ ಸರಿಯಾಗಿ ನಿಂತಿರಬೇಕು, ಬ್ರೇಕ್ ಹಾಕಿರಬೇಕು.

ಇನ್ನು ಯಾವ ಮುಖ ಬ್ಲೇಡಿಗೆ ಕೊಡುವುದು? ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಇಲ್ಲಿ ಅರ್ಧ ನಿಮಿಷ ನಿಂತು ನೋಡಿದವರಿಗೆ ಒಳ್ಳೆಯ ಹಲಗೆ ಜಾಸ್ತಿ ಸಿಗುತ್ತದೆ. ದಿಮ್ಮಿಯ ಕೊನೆಯಲ್ಲಿ ಸೀಳು ಇದ್ದರೆ ಆ ಸೀಳು ಬ್ಲೇಡಿನ ಕೊಯ್ತಕ್ಕೆ ಸಮಾನಾಂತರವಾಗಿ ನಿಲ್ಲುವ ಹಾಗೆ ತಿರುಗಿಸಿ. ಆಗ ಸೀಳು ಒಂದೋ ಎರಡೋ ಹಲಗೆಗೆ ಹೋಗಿ ಮುಗಿಯುತ್ತದೆ. ಅಡ್ಡ ನಿಲ್ಲಿಸಿದರೆ ಪ್ರತಿ ಹಲಗೆಯಲ್ಲೂ ಅದೇ ಸೀಳು. ಒಂದು ಬದಿಯಲ್ಲಿ ಗಂಟುಗಳು ಗುಂಪಾಗಿದ್ದರೆ ಅವು ಮುಖದ ನಡುವೆ ಬರದೆ ಅಂಚಿಗೆ ಬರುವಂತೆ ತಿರುಗಿಸಿ, ಅಂಚು ಕತ್ತರಿಸುವಾಗ ಗಂಟೂ ಹೋಗುತ್ತದೆ. ಬಾಗಿದ ದಿಮ್ಮಿ ಆದರೆ ಎರಡೂ ಕೊನೆಗಳು ಕಂಬಕ್ಕೆ ಒರಗಲಿ, ಗೂನು ಬ್ಲೇಡಿನ ಕಡೆ ಇರಲಿ. ಗೂನನ್ನು ಕಂಬದ ಕಡೆ ಇಟ್ಟರೆ ದಿಮ್ಮಿ ಆಡುತ್ತಾ ಇರುತ್ತದೆ, ದಿಮ್ಮಿಯನ್ನು ಕಂಬಕ್ಕೆ ಹಿಡಿದಿಡುವ ಯಾವ ಕೊಕ್ಕೆಯೂ ಅದನ್ನು ನಿಲ್ಲಿಸುವುದಿಲ್ಲ.

ಬುಡ ದಪ್ಪ, ತುದಿ ಸಣ್ಣ ಇರುವುದು ಎಲ್ಲ ದಿಮ್ಮಿಯ ಗುಣ, ಅದೇ ಟೇಪರ್. ಉದಾಹರಣೆಗೆ 4 ಮೀಟರ್ ದಿಮ್ಮಿ, ಬುಡ 52 ಸೆಂ.ಮೀ., ತುದಿ 44 ಸೆಂ.ಮೀ. ವ್ಯತ್ಯಾಸ 8. ಕಂಬಕ್ಕೆ ಸುಮ್ನೆ ಒರಗಿಸಿದರೆ ಹಿಂಬದಿ ಬ್ಲೇಡಿಗೆ ಸಮಾನಾಂತರ ಆಗುತ್ತದೆ, ಮುಂದಿನ ಮುಖದಲ್ಲಿ ಪೂರ್ತಿ 8 ಸೆಂ.ಮೀ. ಓರೆ ಉಳಿಯುತ್ತದೆ, ಮೊದಲ ಹಲಗೆಗಳು ತುದಿಯವರೆಗೆ ಹೋಗುವುದೇ ಇಲ್ಲ. ಹೊರಮೈ ಮರ ಚೆನ್ನಾಗಿದೆ, ಅಲ್ಲಿಂದ ಉದ್ದ ಹಲಗೆ ಬೇಕು ಅಂದರೆ ತುದಿಯನ್ನು 8 ಸೆಂ.ಮೀ. ಬ್ಲೇಡಿನ ಕಡೆಗೆ ತಳ್ಳಬೇಕು. ತಿರುಳು ಹಲಗೆಗೋ ತೊಲೆಗೋ ನಡುವೆ ಬರಬೇಕು ಅಂದರೆ ಅರ್ಧ, ಅಂದರೆ 4 ಸೆಂ.ಮೀ. ಸಾಕು.

ಆದರೆ ಕಂಬಗಳು ದಿಮ್ಮಿಯ ಎರಡು ಕೊನೆಯಲ್ಲಿ ಇರುವುದಿಲ್ಲ, ಅಲ್ವಾ? ಎರಡು ಕಂಬಗಳ ನಡುವೆ 2.5 ಮೀಟರ್ ಇದೆ ಅಂದರೆ ತುದಿಯ ಕಡೆಯ ಕಂಬವನ್ನು 8 ಸೆಂ.ಮೀ. ತಳ್ಳಿದರೆ ಓರೆ ವಿಪರೀತ ಆಗಿಹೋಗುತ್ತದೆ. 8ನ್ನು 2.5ರಿಂದ ಗುಣಿಸಿ 4ರಿಂದ ಭಾಗಿಸಿ, 5 ಸೆಂ.ಮೀ. ಬಂತು. ಕಂಬವನ್ನು ತಳ್ಳಬೇಕಾದದ್ದು ಅಷ್ಟು. ಅರ್ಧ ಟೇಪರಿಗೆ 2.5 ಸೆಂ.ಮೀ. ಕಂಬಕ್ಕೂ ದಿಮ್ಮಿಗೂ ನಡುವೆ ಮರದ ಚಕ್ಕೆ ತುರುಕಿ ಟೇಪರ್ ಕೊಡುವ ಅಭ್ಯಾಸ ಕೆಲವು ಕಡೆ ಇದೆ. ಅದು ಕೊಯ್ಯುವಾಗ ಕುಸಿಯುತ್ತದೆ, ಬಿಟ್ಟುಬಿಡಿ. ಟೇಪರಿಗೆ ಪ್ರತ್ಯೇಕವಾಗಿ ಜರುಗುವ ಕಂಬ ಹಾಕಿಸುವುದು ಒಂದು ಸಲದ ಖರ್ಚು.

ಕೊಕ್ಕೆ ಹಾಕುವಾಗ ತೊಗಟೆಗೆ ಹಾಕಬೇಡಿ, ಅದು ಕಿತ್ತು ಬರುತ್ತದೆ. ತೊಗಟೆ ದಾಟಿ ಗಟ್ಟಿ ಮರಕ್ಕೆ ಇಳಿಯಬೇಕು, ಮೇಲಿಂದಲೂ ಕೆಳಗಿಂದಲೂ. ಕೊನೆಯ ಹಲಗೆ ಎಷ್ಟು ದಪ್ಪ ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಕೊಕ್ಕೆಯ ಮೂತಿ ಆ ದಪ್ಪದ ಒಳಗೇ ಇರುವಂತೆ ನೋಡಿಕೊಳ್ಳಿ. ಓಡುವ ಬ್ಲೇಡು ಕೊಕ್ಕೆಗೆ ತಗುಲಿದರೆ ಹಲ್ಲು ಗುಂಡಿನ ಹಾಗೆ ಹಾರುತ್ತದೆ. ಕೊಕ್ಕೆ ಬ್ಲೇಡಿಗೆ ತಗುಲುವಷ್ಟು ಕಂಬ ಮುಂದೆ ಬಂದರೆ ಟ್ರಾಲಿ ಮುಂದೆ ಹೋಗದ ಹಾಗೆ ಒಂದು ಸ್ವಿಚ್ ಹಾಕಿಸಬಹುದು, ಹಾಕಿಸಿ.

ಎಷ್ಟು ವೇಗದಲ್ಲಿ ನೂಕುವುದು

ಟ್ರಾಲಿಯನ್ನು ಉಕ್ಕಿನ ಹಗ್ಗ ಎಳೆಯಬಹುದು, ರ್‍ಯಾಕ್ ಗೇರ್ ನೂಕಬಹುದು, ಹೈಡ್ರಾಲಿಕ್ ಮೋಟಾರ್ ಇರಬಹುದು. ಯಾವುದಾದರೂ ಸರಿ, ವೇಗವನ್ನು ಜರ್ಕ್ ಇಲ್ಲದೆ ಏರಿಸಿ ಇಳಿಸುವ ಹಾಗಿರಬೇಕು. ಸಾಮಾನ್ಯ ಮೋಟಾರ್ ಆದರೆ ವಿ.ಎಫ್.ಡಿ. (ಮೋಟಾರಿನ ವೇಗ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಸಾಧನ) ಹಾಕಿಸಿದರೆ ಅದು ಆಗುತ್ತದೆ.

ವೇಗಕ್ಕೆ ಅಂದಾಜು ಸಾಲದು. ಒಂದು ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚುತ್ತದೆ ಅನ್ನುವುದು ಮೂಲ. ಬ್ಲೇಡು ಸೆಕೆಂಡಿಗೆ 40 ಮೀಟರ್ ಓಡುತ್ತದೆ, ಹಲ್ಲಿನಿಂದ ಹಲ್ಲಿಗೆ 45 ಮಿ.ಮೀ. ಇದೆ ಅಂದರೆ ಸೆಕೆಂಡಿಗೆ ಸುಮಾರು 889 ಹಲ್ಲು ಮರವನ್ನು ದಾಟುತ್ತವೆ. ಪ್ರತಿ ಹಲ್ಲು 0.6 ಮಿ.ಮೀ. ಕಚ್ಚಬೇಕು ಅಂದರೆ ಟ್ರಾಲಿ ನಿಮಿಷಕ್ಕೆ ಸುಮಾರು 32 ಮೀಟರ್ ಹೋಗಬೇಕು. 40 ಸೆಂ.ಮೀ. ಎತ್ತರದ ಕೊಯ್ತದಲ್ಲಿ ಪ್ರತಿ ಹಲ್ಲು 240 ಚದರ ಮಿ.ಮೀ. ಮರ ತೆಗೆಯುತ್ತದೆ, ಅದು ಹೊಟ್ಟಾಗಿ ಉಬ್ಬಿ ಹಲ್ಲಿನ ಸಂದಿನಲ್ಲಿ ಕೂರಬೇಕು. ಸಂದಿನ ಜಾಗ 350 ಚದರ ಮಿ.ಮೀ. ಇದ್ದರೆ ಹಿಡಿಸುತ್ತದೆ. ಅದೇ ವೇಗದಲ್ಲಿ 60 ಸೆಂ.ಮೀ. ಎತ್ತರದ ಕೊಯ್ತಕ್ಕೆ ಹೋದರೆ 360 ಆಯಿತು, ಹಿಡಿಸುವುದಿಲ್ಲ, ಬ್ಲೇಡು ದಾರಿ ಬಿಟ್ಟು ಅಲೆ ಅಲೆಯಾಗಿ ಹೋಗುತ್ತದೆ. ಅಲ್ಲಿ 0.4 ಮಿ.ಮೀ.ಗೆ ಇಳಿಸಿ, ಅಂದರೆ ನಿಮಿಷಕ್ಕೆ 21 ಮೀಟರ್.

ಹಾಗಂತ ತೀರಾ ನಿಧಾನವೂ ಒಳ್ಳೆಯದಲ್ಲ, ಇದು ಹೊಸಬರಿಗೆ ಆಶ್ಚರ್ಯ ಅನಿಸುತ್ತದೆ. ನಿಧಾನ ಹೋದರೆ ಹೊಟ್ಟು ಹಿಟ್ಟಿನಷ್ಟು ನಯ ಆಗಿ ಹಲ್ಲಿನ ಸಂದಿನಲ್ಲಿ ನಿಲ್ಲದೆ ಬ್ಲೇಡಿನ ಪಕ್ಕಕ್ಕೆ ಸೋರುತ್ತದೆ, ಅಲ್ಲಿ ಒತ್ತಿಕೊಂಡು ಬ್ಲೇಡು ಬಿಸಿಯಾಗುತ್ತದೆ. ಕೆಳಗೆ ಬಿದ್ದ ಹೊಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ. ರವೆಯಂತೆ ಕಾಳು ಕಾಳಾಗಿ ಸಿಕ್ಕರೆ ವೇಗ ಸರಿ ಇದೆ.

ಬ್ಲೇಡು ಮರಕ್ಕೆ ಸೇರುವಾಗ ನಿಧಾನ, ಸೇರಿದ ಮೇಲೆ ವೇಗ, ದೊಡ್ಡ ಗಂಟು ಬಂದಾಗ ಮತ್ತು ಹೊರಬರುವಾಗ ಮತ್ತೆ ನಿಧಾನ. ಆಮ್‌ಮೀಟರ್ ಮೇಲೆ ಒಂದು ಕಣ್ಣಿರಲಿ.

ವಾಪಸ್ ಬರುವಾಗ ದಿಮ್ಮಿ ಬ್ಲೇಡಿನ ಬೆನ್ನಿಗೆ ತಗುಲಬಾರದು. ಒಂದು ಸಿಬಿರು ಸಿಕ್ಕಿಕೊಂಡರೂ ಬ್ಲೇಡನ್ನು ಚಕ್ರದಿಂದ ಮುಂದಕ್ಕೆ ತಳ್ಳಿ ಬೀಳಿಸುತ್ತದೆ. ಅದಕ್ಕೆ ಒಳ್ಳೆಯ ಟ್ರಾಲಿಗಳಲ್ಲಿ ಹಿಂದೆ ಬರುವಾಗ ಮೇಲಿನ ಚೌಕಟ್ಟು ತಾನೇ ಸುಮಾರು 1 ಸೆಂ.ಮೀ. ಬ್ಲೇಡಿನಿಂದ ದೂರ ಸರಿಯುವ ವ್ಯವಸ್ಥೆ ಇರುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಕಂಬಗಳನ್ನು ಹಿಂದಕ್ಕೆ ಎಳೆದುಕೊಂಡೇ ವಾಪಸ್ ಬನ್ನಿ, ಮುಂದಿನ ಸೈಜನ್ನು ಹಿಂದೆ ಬಂದ ಮೇಲೆ ಕೊಡಿ.

ಅಳೆದು ನೋಡಿ, ಹಲಗೆಯೇ ಹೇಳುತ್ತದೆ

ಒಂದೇ ಸೈಜಿನ ಹತ್ತು ಹಲಗೆ ಕೊಯ್ದು, ಪ್ರತಿಯೊಂದನ್ನೂ ಎರಡು ಅಂಚಿನಲ್ಲಿ ಮೂರು ಮೂರು ಕಡೆ ಕ್ಯಾಲಿಪರ್‌ನಿಂದ ಅಳೆದು ಬರೆದಿಡಿ. ಎಲ್ಲ ಹಲಗೆಯಲ್ಲೂ ಅದೇ ಕೊನೆ ದಪ್ಪ ಇದ್ದರೆ ಕಂಬಗಳು ಒಂದೇ ಸಾಲಿನಲ್ಲಿ ಇಲ್ಲ, ಅಥವಾ ಒಂದು ಕೊಕ್ಕೆ ಸಡಿಲ ಆಗಿದೆ. ಎಲ್ಲದರಲ್ಲೂ ಮೇಲಿನ ಅಂಚು ದಪ್ಪ, ಕೆಳಗಿನದು ತೆಳು ಅಂದರೆ ಕಂಬ ಬಾಗಿದೆ ಅಥವಾ ಹಳಿಗಳು ಮಟ್ಟದಲ್ಲಿಲ್ಲ. ಒಂದೊಂದು ಹಲಗೆ ತನ್ನೊಳಗೆ ಸಮ ಇದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ದಪ್ಪ ಬೇರೆ ಅಂದರೆ ಸೈಜು ಕೊಡುವ ಸ್ಕ್ರೂನಲ್ಲಿ ಪ್ಲೇ. ನಡುವೆ ಅಲೆ ಅಲೆ, ಪ್ರತಿ ಹಲಗೆಯಲ್ಲೂ ಬೇರೆ ಬೇರೆ ಕಡೆ ಅಂದರೆ ಮಾತ್ರ ವೇಗ ಅಥವಾ ಬ್ಲೇಡು.

ಸಣ್ಣ ದಿಮ್ಮಿಯ ಲೈನುಗಳು

ಸಣ್ಣ ದಿಮ್ಮಿಗಳಿಗೆ ಟ್ರಾಲಿ ನಿಧಾನ. ಅಲ್ಲಿ ದಿಮ್ಮಿ ವಿ ಆಕಾರದ ದೋಣಿಯಲ್ಲಿ ಮುಳ್ಳು ಚೈನಿನ ಮೇಲೆ ಬರುತ್ತದೆ, ಎರಡು ಬದಿಯ ಸೆಂಟರಿಂಗ್ ರೋಲರ್‌ಗಳು ಅದನ್ನು ನಡುವಿಗೆ ತರುತ್ತವೆ, ಮೇಲಿನ ರೋಲರ್ ಒತ್ತಿ ಹಿಡಿಯುತ್ತದೆ. ಎಡ ಬಲದ ರೋಲರ್‌ಗಳು ಒಂದಕ್ಕೊಂದು ಗೇರಿನಿಂದ ಸೇರಿರಬೇಕು, ಆಗಲೇ ಎರಡೂ ಸಮವಾಗಿ ಮುಚ್ಚುತ್ತವೆ. ಬೇರೆ ಬೇರೆ ಸಿಲಿಂಡರ್ ಇಟ್ಟರೆ ಬಲ ಜಾಸ್ತಿ ಇರುವ ಬದಿ ಗೆಲ್ಲುತ್ತದೆ.

ದೊಡ್ಡ ಮಿಲ್ಲುಗಳಲ್ಲಿ ಲೇಸರ್ ಸ್ಕ್ಯಾನರ್ ದಿಮ್ಮಿಯ ಆಕಾರ ಅಳೆಯುತ್ತದೆ, ಎಷ್ಟು ಡಿಗ್ರಿ ತಿರುಗಿಸಬೇಕು, ಮೊದಲ ಕೊಯ್ತ ಎಲ್ಲಿ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತದೆ. ಮೊದಲ ಕೊಯ್ತ ಸ್ವಲ್ಪ ಸರಿದರೂ ಸಣ್ಣ ದಿಮ್ಮಿಯಿಂದ ಸಿಗುವ ಮರದ ಪ್ರಮಾಣ ಬದಲಾಗುತ್ತದೆ ಅನ್ನುವುದನ್ನು 1971ರಲ್ಲಿ ಅಮೆರಿಕದ ಮ್ಯಾಡಿಸನ್‌ನ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿತು, ‘ಬೆಸ್ಟ್ ಓಪನಿಂಗ್ ಫೇಸ್’ ಅನ್ನುವುದು ಆ ಲೆಕ್ಕದ ಹೆಸರು. ಆದರೆ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ತಿರುಗಿಸುವ ರೋಲರ್ ಜಾರಿದರೆ ಎಲ್ಲ ವ್ಯರ್ಥ. ದಿಮ್ಮಿಯ ಕೊನೆಯ ಮೇಲೆ ಸೀಮೆಸುಣ್ಣದಿಂದ ನೇರ ಗೆರೆ ಎಳೆಯಿರಿ, 40 ಡಿಗ್ರಿ ತಿರುಗಿಸಲು ಹೇಳಿ, ನಿಂತ ಮೇಲೆ ಗೆರೆ ಎಷ್ಟು ತಿರುಗಿದೆ ಅಂತ ಅಳೆಯಿರಿ. ಒಣ ತೊಗಟೆಯ ದಿಮ್ಮಿ, ಒದ್ದೆ ದಿಮ್ಮಿ, ತೊಗಟೆ ತೆಗೆದದ್ದು, ಮೂರರಲ್ಲೂ ನೋಡಬೇಕು. ತಪ್ಪಿದರೆ ಮೊದಲು ರೋಲರ್ ಮುಳ್ಳು ಸವೆದಿದೆಯೋ ನೋಡಿ, ಆಮೇಲೆ ಒತ್ತುವ ಪ್ರೆಷರ್.

ಸಿಕ್ಕಿಕೊಂಡ ದಿಮ್ಮಿ ಬಿಡಿಸುವಾಗ

ಬರೀ ಸ್ಟಾಪ್ ಗುಂಡಿ ಒತ್ತಿ ಒಳಗೆ ಹೋಗಬೇಡಿ. ಎತ್ತಿದ ತೋಳುಗಳನ್ನು ಕೆಳಗೆ ಇಳಿಸಿ, ಇಳಿಸಲು ಆಗದಿದ್ದರೆ ಪಿನ್ ಹಾಕಿ ತಡೆ ಕೊಡಿ. ಹೈಡ್ರಾಲಿಕ್ ಪ್ರೆಷರ್ ಬಿಡಿ, ಅಕ್ಯುಮುಲೇಟರ್ (ಪ್ರೆಷರ್ ಕೂಡಿಟ್ಟುಕೊಳ್ಳುವ ಸಿಲಿಂಡರ್) ಇದ್ದರೆ ಅದರದ್ದೂ, ಗೇಜ್ ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡಿ. ಡೆಕ್ಕಿನ ಮೇಲೆ ಉಳಿದ ದಿಮ್ಮಿಗಳಿಗೆ ಅಡ್ಡ ಬೆಣೆ ಕೊಡಿ, ಕರೆಂಟ್ ಇಲ್ಲದಿದ್ದರೂ ದಿಮ್ಮಿ ಉರುಳುತ್ತದೆ. ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ಜೇಬಿಗೆ ಹಾಕಿಕೊಳ್ಳಿ. ಇಬ್ಬರು ಒಳಗೆ ಹೋಗುತ್ತಿದ್ದರೆ ಎರಡು ಬೀಗ, ಮತ್ತೆ ಹಾಕಿದವರೇ ತಮ್ಮ ಬೀಗ ತೆಗೆಯಬೇಕು.